ಸೂಪ್ ಚೆನ್ನಾಗಿ ಬರುತ್ತದೆ, ಅದೇ ಕೋಳಿಯನ್ನು ಗ್ರಿಲ್ ಮಾಡಿದರೆ ಹತ್ತಿಯಂತಾಗುತ್ತದೆ, ಯಾಕೆ?

ಪ್ರಶ್ನೆ: ವಾರಕ್ಕೊಮ್ಮೆ ಮನೆಯಲ್ಲಿ ಇಡೀ ಕೋಳಿ ಹಾಕಿ ಸೂಪ್ ಮಾಡುತ್ತೇನೆ. ಒಂದೂವರೆ ಕೆಜಿಯ ಫಾರಂ ಕೋಳಿ, ಮೂರು ಗಂಟೆ ಕುದಿಸುತ್ತೇನೆ. ಸೂಪ್ ಎಲ್ಲರಿಗೂ ಇಷ್ಟ. ಉಳಿದ ಮಾಂಸ ಬಿಸಾಡಲು ಮನಸ್ಸು ಬರುವುದಿಲ್ಲ, ಮಸಾಲೆ ಹಚ್ಚಿ ಗ್ರಿಲ್ ಮಾಡುತ್ತೇನೆ. ಆದರೆ ಪ್ರತಿ ಸಲ ಅದು ಕಂಬಿಗೆ ಅಂಟಿಕೊಂಡು ಚೂರುಚೂರಾಗುತ್ತದೆ, ಬಾಯಿಗಿಟ್ಟರೆ ಹತ್ತಿ ಜಗಿದ ಹಾಗೆ. ಸತ್ವವೆಲ್ಲ ಸೂಪಿಗೆ ಇಳಿದಿದೆ, ಉಳಿದದ್ದು ಬರೀ ಸಿಪ್ಪೆ ಅಂತ ಅತ್ತೆ ಹೇಳುತ್ತಾರೆ. ಒಂದು ಸಲ ಅರ್ಧ ಬೇಯಿಸಿ ತೆಗೆದಿಟ್ಟು ಮರುದಿನ ಗ್ರಿಲ್ ಮಾಡಿದೆ. ಮೆತ್ತಗಿತ್ತು, ಆದರೆ ಮೂಳೆ ಹತ್ತಿರ ಕೆಂಪು ಕಂಡು ಹೆದರಿ ಎಸೆದುಬಿಟ್ಟೆ. ಇನ್ನೊಂದು ವಿಷಯ, ಸೂಪ್ ಪಾತ್ರೆ ರಾತ್ರಿಯೆಲ್ಲ ಒಲೆ ಮೇಲೆಯೇ ಇರುತ್ತದೆ, ಬೆಳಗ್ಗೆ ಮತ್ತೆ ಕುದಿಸುತ್ತೇನೆ. ಬಿಸಿ ಪಾತ್ರೆ ಫ್ರಿಜ್ಜಿಗೆ ಇಡಬಾರದು ಅಲ್ವಾ? ಮಿಕ್ಕ ಮೂಳೆ ನಾಯಿಗೆ ಹಾಕಬಹುದಾ?

ಉತ್ತರ: ನಿಮ್ಮ ಚಿಂತೆಯೆಲ್ಲ ಹತ್ತಿಯಂಥ ಮಾಂಸದ ಮೇಲಿದೆ. ನನಗೆ ಚಿಂತೆಯಾಗಿದ್ದು ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಆ ಒಂದು ಸಾಲು ಓದಿ, ಪಾತ್ರೆ ರಾತ್ರಿಯೆಲ್ಲ ಒಲೆ ಮೇಲಿರುತ್ತದೆ ಅನ್ನುವುದು. ಮೊದಲು ಅದನ್ನೇ ನೋಡೋಣ. ಮಾಂಸ ಒಣಗಿದರೆ ಊಟ ಕೆಡುತ್ತದೆ, ಅಷ್ಟೇ. ಇದರಿಂದ ಮನೆಮಂದಿಯ ಹೊಟ್ಟೆಯೇ ಕೆಡುತ್ತದೆ.

ಮೂರು ಗಂಟೆ ಕುದ್ದ ಸೂಪಿನಲ್ಲಿ ಇನ್ನೇನು ಬದುಕಿರುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. ಬದುಕಿರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಮಣ್ಣಿನಲ್ಲಿ, ಪ್ರಾಣಿಗಳ ಕರುಳಿನಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಕಷ್ಟ ಬಂದರೆ ಇದು ಬೀಜಕಣವಾಗಿ ಗಟ್ಟಿ ಚಿಪ್ಪಿನೊಳಗೆ ಅಡಗಿ ಕೂರುತ್ತದೆ, ಆ ಬೀಜಕಣ 100 ಡಿಗ್ರಿಯ ಕುದಿಯಲ್ಲಿ ಸಾಯುವುದಿಲ್ಲ. ಉಳಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಸತ್ತು ಮೈದಾನ ಖಾಲಿಯಾಗಿರುತ್ತದೆ. ಕುದಿದು ಕುದಿದು ಸೂಪಿನೊಳಗಿನ ಆಮ್ಲಜನಕವೂ ಹೊರಟುಹೋಗಿರುತ್ತದೆ, ಇದಕ್ಕೆ ಬೇಕಿರುವುದೂ ಅದೇ. ಸೂಪ್ ನಿಧಾನವಾಗಿ ಆರುತ್ತಾ 50 ಡಿಗ್ರಿ ಆಸುಪಾಸಿಗೆ ಇಳಿದಾಗ ಬೀಜಕಣ ಒಡೆದು ಬ್ಯಾಕ್ಟೀರಿಯಾ ಹೊರಬರುತ್ತದೆ. 43ರಿಂದ 47 ಡಿಗ್ರಿಯಲ್ಲಿ ಅದಕ್ಕೆ ಹೇಳಿ ಮಾಡಿಸಿದ ಬಿಸಿ, ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ನಾನು ದೊಡ್ಡ ಅಡುಗೆಮನೆಗಳಲ್ಲಿ ಕೆಲಸ ಮಾಡುತ್ತಿದ್ದಾಗ, ರಾತ್ರಿ ಇಳಿಸಿ ಮುಚ್ಚಿಟ್ಟ ದೊಡ್ಡ ಪಾತ್ರೆಯ ನಡುಭಾಗಕ್ಕೆ ಬೆಳಗಿನ ಜಾವ ಥರ್ಮಾಮೀಟರ್ ಇಳಿಸಿದ್ದೇನೆ. ಅಷ್ಟು ಹೊತ್ತಾದರೂ ಒಳಗೆ ಬೆಚ್ಚಗೇ ಇತ್ತು. ಮನೆಯ ಪಾತ್ರೆ ಚಿಕ್ಕದು ನಿಜ, ಆದರೂ ಮುಚ್ಚಳ ಹಾಕಿ ಒಲೆ ಮೇಲೇ ಬಿಟ್ಟರೆ ಆ ಬಿಸಿಯಲ್ಲಿ ಗಂಟೆಗಟ್ಟಲೆ ಕೂರುತ್ತದೆ.

ಬೆಳಗ್ಗೆ ಮತ್ತೆ ಕುದಿಸುತ್ತೇನಲ್ಲ ಅನ್ನುತ್ತೀರಿ. ಚೆನ್ನಾಗಿ ಕುದಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ, ಒಪ್ಪುತ್ತೇನೆ. ಆದರೆ ಅದೊಂದೇ ಅಲ್ಲವಲ್ಲ. ಕೈಯಲ್ಲಿ ಮಾಂಸ ಬಿಡಿಸುವಾಗ ಚರ್ಮದಿಂದ ಬರುವ ಸ್ಟ್ಯಾಫಿಲೋಕಾಕಸ್ ಇದೆ, ಬ್ಯಾಸಿಲಸ್ ಸೀರಿಯಸ್ ಇದೆ. ಇವು ಬೆಳೆಯುವಾಗ ಆಹಾರದಲ್ಲೇ ವಿಷ ಬಿಟ್ಟಿರುತ್ತವೆ. ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಕುದಿಸಿದರೆ ಹೋಗುವುದಿಲ್ಲ. ವಾಸನೆಯಿಂದಲೋ ರುಚಿಯಿಂದಲೋ ಗೊತ್ತೂ ಆಗುವುದಿಲ್ಲ. ಇಷ್ಟು ದಿನ ಏನೂ ಆಗಿಲ್ಲ ಅಂದರೆ ಆಗಿಲ್ಲ, ಅಷ್ಟೇ. ಗಟ್ಟಿ ಆರೋಗ್ಯದವರಿಗೆ ಒಂದು ದಿನದ ಹೊಟ್ಟೆನೋವು, ಭೇದಿಯಲ್ಲಿ ಮುಗಿಯಬಹುದು. ಆದರೆ ಸೂಪ್ ಕುಡಿಸುವುದೇ ಹೆಚ್ಚಾಗಿ ವಯಸ್ಸಾದವರಿಗೆ, ಮಕ್ಕಳಿಗೆ, ಹುಷಾರಿಲ್ಲದವರಿಗೆ. ಅವರಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಬಿಸಿ ಪಾತ್ರೆ ಫ್ರಿಜ್ಜಿಗೆ ಇಡಬಾರದು ಅನ್ನುವುದು ಸುಳ್ಳಾ? ಅರ್ಧ ನಿಜ. ಕುದಿಯುವ ದೊಡ್ಡ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ, ಸೂಪಿನ ನಡುಭಾಗವೂ ಬೇಗ ಆರುವುದಿಲ್ಲ. ಆದರೆ ಪೂರ್ತಿ ತಣ್ಣಗಾಗುವವರೆಗೆ ಹೊರಗೆ ಕಾಯಬೇಕು ಅನ್ನುವುದು ತಪ್ಪು. ಸೂಪನ್ನು ಸೋಸಿ ಎರಡು ಮೂರು ಅಗಲ ಪಾತ್ರೆಗಳಿಗೆ ಬಗ್ಗಿಸಿ, ನಾಲ್ಕೈದು ಸೆಂಟಿಮೀಟರ್ ಆಳಕ್ಕಿಂತ ಜಾಸ್ತಿ ಬೇಡ. ಸಿಂಕಿನಲ್ಲಿ ತಣ್ಣೀರು ತುಂಬಿ, ಐಸ್ ಇದ್ದರೆ ಹಾಕಿ, ಅದರೊಳಗೆ ಪಾತ್ರೆ ಇಟ್ಟು ಆಗಾಗ ಕದಡಿ. ಅರ್ಧ ಗಂಟೆಯೊಳಗೆ ಬಿಸಿ ಇಳಿಯುತ್ತದೆ, ಆಮೇಲೆ ಫ್ರಿಜ್ಜಿಗೆ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಒಳಗೆ ಹೋಗಿರಬೇಕು, 32 ಡಿಗ್ರಿ ಮೀರಿದ ಸೆಕೆಯಾದರೆ ಒಂದೇ ಗಂಟೆ. ಫ್ರಿಜ್ 5 ಡಿಗ್ರಿಗಿಂತ ಕೆಳಗಿರಲಿ. ಸೂಪಾಗಲಿ ಬೆಂದ ಮಾಂಸವಾಗಲಿ ಮೂರು ನಾಲ್ಕು ದಿನದಲ್ಲಿ ಮುಗಿಸಿ, ಇಲ್ಲದಿದ್ದರೆ ಫ್ರೀಜರಿಗೆ ಹಾಕಿ. ಬೆಳಗ್ಗೆ ನೋಡಿದಾಗ ಸೂಪ್ ಜೆಲ್ಲಿಯಂತೆ ಗಟ್ಟಿಯಾಗಿದ್ದರೆ ಕೆಟ್ಟಿದೆ ಅಂತ ಎಸೆಯಬೇಡಿ. ಮೂಳೆಯ ಸಾರ ಚೆನ್ನಾಗಿ ಇಳಿದಿದೆ ಅಂತ ಅರ್ಥ. ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ.

ಈಗ ಮಾಂಸದ ಮಾತು. ಮೂರು ಗಂಟೆ ನೀರಿನಲ್ಲೇ ಮುಳುಗಿದ್ದ ಮಾಂಸ ಒಣಗುವುದು ಹೇಗೆ? ಎಷ್ಟೋ ಜನರಿಗೆ ಇದು ಅರ್ಥವಾಗುವುದಿಲ್ಲ. ಮಾಂಸದ ನಾರುಗಳು ಪ್ರೋಟೀನು. ಸುಮಾರು 65 ಡಿಗ್ರಿ ದಾಟಿದ ಮೇಲೆ ಅವು ಬಿಗಿಯುತ್ತಾ ಹೋಗುತ್ತವೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಮ್ಮೊಳಗಿನ ನೀರನ್ನು ಹೊರಗೆ ಹಾಕುತ್ತವೆ. ಸುತ್ತ ಎಷ್ಟೇ ನೀರಿದ್ದರೂ ಬಿಗಿದ ನಾರು ಅದನ್ನು ವಾಪಸ್ ಹೀರುವುದಿಲ್ಲ. ಇನ್ನೊಂದು ಪದಾರ್ಥ ಕೊಲಾಜೆನ್. ಚರ್ಮ, ಕೀಲು, ಸ್ನಾಯುವಿನ ಸುತ್ತಲಿನ ಪೊರೆ, ಇಲ್ಲೆಲ್ಲ ಇರುತ್ತದೆ. 70 ಡಿಗ್ರಿಯಿಂದ ಮೇಲೆ, ಸಾಕಷ್ಟು ಸಮಯ ಕೊಟ್ಟರೆ ಇದು ಕರಗಿ ಜೆಲಟಿನ್ ಆಗುತ್ತದೆ, ಸೂಪಿಗೆ ಆ ತುಟಿಗೆ ಅಂಟುವ ಗುಣ ಬರುವುದು ಅದರಿಂದಲೇ. ನಾರುಗಳನ್ನು ಹಿಡಿದಿಟ್ಟುಕೊಂಡಿದ್ದ ಅಂಟೂ ಅದೇ. ಮೂರು ಗಂಟೆಯಲ್ಲಿ ನಾರು ಹಿಂಡಿಹೋಗಿದೆ, ಅಂಟು ಕರಗಿ ಸೂಪಿಗೆ ಸೇರಿದೆ. ಉಳಿದದ್ದು ಒಣ ನಾರಿನ ಕಟ್ಟು. ಅದನ್ನು ಗ್ರಿಲ್ ಮೇಲಿಟ್ಟರೆ ಚೂರಾಗದೆ ಇನ್ನೇನಾಗುತ್ತದೆ ಹೇಳಿ.

ಅಂದರೆ ನಿಮ್ಮ ಕೈಗುಣದ ತಪ್ಪಲ್ಲ ಇದು. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ನಡೆಯುತ್ತಿದೆ, ಎರಡಕ್ಕೂ ಬೇಕಾದ ಸಮಯ ಬೇರೆ ಬೇರೆ. ಮಾಂಸಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಸಾಕು. ಮೂಳೆಗೆ ಮೂರು ಗಂಟೆ ಬೇಕು.

ಅತ್ತೆಯ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಒಂದು ನಿಜ ಇದೆ, ಅದನ್ನು ಮೊದಲು ಹೇಳಬೇಕು. ರುಚಿ ಸೂಪಿಗೆ ಇಳಿದಿರುವುದು ಹೌದು. ನೀರಿನಲ್ಲಿ ಕರಗುವ ಉಪ್ಪಿನಂಶ, ಬಾಯಿಗೆ ಮಾಂಸದ ಸವಿ ಕೊಡುವ ಪದಾರ್ಥಗಳು, ಬಿ ಗುಂಪಿನ ವಿಟಮಿನ್‌ಗಳಲ್ಲಿ ಒಂದು ಪಾಲು, ಇವೆಲ್ಲ ಹೊರಗೆ ಬಂದಿರುತ್ತವೆ. ಅದಕ್ಕೇ ಮಾಂಸ ಸಪ್ಪೆ. ಆದರೆ ಸತ್ವ ಅಂದರೆ ಪ್ರೋಟೀನು ಅಂತಾದರೆ ಅದರಲ್ಲಿ ಬಹುಪಾಲು ಮಾಂಸದಲ್ಲೇ ಇದೆ. ಬೆಂದ ಎದೆ ಮಾಂಸ 100 ಗ್ರಾಂ ತಿಂದರೆ ಸುಮಾರು 30 ಗ್ರಾಂ ಪ್ರೋಟೀನು. ಮನೆಯ ಸೂಪ್ ಒಂದು ಬಟ್ಟಲು ಕುಡಿದರೆ ಐದಾರು ಗ್ರಾಂ, ಅದರಲ್ಲೂ ಜೆಲಟಿನ್ ಜಾಸ್ತಿ, ಜೆಲಟಿನ್ ಪೂರ್ಣ ಪ್ರೋಟೀನಲ್ಲ, ಪ್ರೋಟೀನಿನಿಂದ ದೇಹಕ್ಕೆ ಬೇಕಾದ ಅಂಶಗಳೆಲ್ಲ ಅದರಲ್ಲಿಲ್ಲ. ಮೂಳೆ ಕುದಿಸಿದರೆ ಕ್ಯಾಲ್ಸಿಯಂ ಇಳಿಯುತ್ತದೆ ಅನ್ನುವುದೂ ಹಾಗೆಯೇ. ಒಂದು ಬಟ್ಟಲಿನಲ್ಲಿ ಬರುವುದು ಕೆಲವೇ ಮಿಲಿಗ್ರಾಂ, ಅಷ್ಟೇ ಹಾಲಿನಲ್ಲಿ 300 ಮಿಲಿಗ್ರಾಂ ಹತ್ತಿರ ಇರುತ್ತದೆ. ಹಾಗಂತ ಸೂಪ್ ದಂಡ ಅಂತ ನಾನು ಹೇಳುತ್ತಿಲ್ಲ. ನೆಗಡಿಯಲ್ಲಿ ಬಿಸಿ ಸೂಪ್ ಹಿತ, ನೀರು ಮತ್ತು ಉಪ್ಪು ಒಳಗೆ ಹೋಗುತ್ತದೆ, ಹಸಿವಿಲ್ಲದವರೂ ಕುಡಿಯುತ್ತಾರೆ. 2000ದಲ್ಲಿ ಅಮೆರಿಕದ ನೆಬ್ರಾಸ್ಕಾದ ಸಂಶೋಧಕರು ಕೋಳಿ ಸೂಪ್ ಒಂದು ಬಗೆಯ ಬಿಳಿ ರಕ್ತಕಣಗಳ ಓಡಾಟ ತಗ್ಗಿಸುತ್ತದೆ ಅಂತ ತೋರಿಸಿದ್ದರು. ಅದು ಪ್ರಯೋಗಾಲಯದ ಗಾಜಿನೊಳಗೆ ನಡೆದದ್ದು, ಮನುಷ್ಯರ ಮೈಯಲ್ಲಲ್ಲ, ಅಷ್ಟು ನೆನಪಿರಲಿ. ಅತ್ತೆಗೆ ಸೂಪೂ ಕೊಡಿ, ಮಾಂಸವೂ ಕೊಡಿ. ವಯಸ್ಸಾದಂತೆ ಪ್ರೋಟೀನು ಬೇಕು, ಬರೀ ಸೂಪ್ ಕುಡಿದು ಮಾಂಸ ಬಿಟ್ಟರೆ ಕಳೆದುಕೊಳ್ಳುವವರು ಅವರೇ.

ನಾನು ಮಾಡುವ ರೀತಿ ಹೀಗೆ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವುದಿಲ್ಲ. ಸಿಡಿಯುವ ಹನಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾಗಳು ಸಿಂಕಿಗೆ, ಪಕ್ಕದ ತರಕಾರಿಗೆ ಹರಡುತ್ತವೆ, ಹೇಗಿದ್ದರೂ ಬೇಯುವಾಗ ಅವು ಸಾಯುತ್ತವೆ. ಕೋಳಿಯನ್ನು ತುಂಡು ಮಾಡಿ, ತೊಡೆ ಮತ್ತು ಕಾಲು ಸೇರಿದಂತೆ ಒಂದೇ ತುಂಡಾಗಿ ಇರಲಿ, ಎದೆ ಮೂಳೆ ಸಮೇತ ಇರಲಿ. ತಣ್ಣೀರು ಮುಳುಗುವಷ್ಟು ಹಾಕಿ, ಒಂದೂವರೆ ಕೆಜಿಗೆ ಎರಡೂವರೆ ಲೀಟರ್ ಒಳಗೆ ಸಾಕಾಗುತ್ತದೆ. ಬಿಸಿಯಾಗುತ್ತಾ ಮೇಲೆ ಬೂದು ನೊರೆ ಬರುತ್ತದೆ. ಕೊಳೆ, ಔಷಧದ ಅಂಶ ಅಂತೆಲ್ಲ ಹೇಳುತ್ತಾರೆ, ಹಾಗೇನಿಲ್ಲ, ಗಟ್ಟಿಯಾದ ಪ್ರೋಟೀನು ಅದು. ಸೂಪ್ ತಿಳಿಯಾಗಿರಲಿ ಅಂತ ತೆಗೆಯುವುದು. ಆಮೇಲೆ ಉರಿ ಸಣ್ಣದು ಮಾಡಿ. ಕೊತಕೊತ ಕುದಿಸಬೇಡಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಜೋರು ಕುದಿಯಲ್ಲಿ ಕೊಬ್ಬು ಒಡೆದು ನೀರಿಗೆ ಬೆರೆತು ಸೂಪ್ ಬಗ್ಗಡವಾಗುತ್ತದೆ, ಎದೆಯ ಮಾಂಸವೂ ಬಿಗಿಯುತ್ತದೆ. ಉಪ್ಪನ್ನು ಕೊನೆಗೆ ಹಾಕುತ್ತೇನೆ. ಯಾಕೆ ಅಂತ ಗ್ರಿಲ್ ಮಾಡುವಾಗ ಗೊತ್ತಾಗುತ್ತದೆ.

ಎದೆ ತುಂಡನ್ನು 25 ನಿಮಿಷಕ್ಕೆ ನೋಡಿ, ಒಳಗೆ 74 ಡಿಗ್ರಿ ತಲುಪಿದ್ದರೆ ತೆಗೆಯಿರಿ. ತೊಡೆಗೆ ಅವಸರವಿಲ್ಲ. ಅದರಲ್ಲಿ ಕೊಲಾಜೆನ್ ಜಾಸ್ತಿ, 80, 85 ಡಿಗ್ರಿ ದಾಟಿದರೇ ಮೆತ್ತಗಾಗುವುದು, ಮುಕ್ಕಾಲು ಗಂಟೆ ಬಿಡಿ. ಈಗ ಎದೆ ಮಾಂಸ ಬಿಡಿಸಿಕೊಂಡು ಅದರ ಮೂಳೆ, ಬೆನ್ನು, ಕತ್ತು, ರೆಕ್ಕೆ ತುದಿ ಎಲ್ಲ ಪಾತ್ರೆಗೆ ವಾಪಸ್ ಹಾಕಿ ಇನ್ನೆರಡು ಗಂಟೆ ಬಿಡಿ. ಕೋಳಿ ಪಾದ ಸಿಕ್ಕರೆ ಎರಡು ಮೂರು ಹಾಕಿ, ಜೆಲಟಿನ್‌ಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಸೂಪಿನ ರುಚಿ ನೀವು ಈಗ ಮಾಡುವುದಕ್ಕಿಂತ ಸ್ವಲ್ಪ ಹಗುರ ಇರುತ್ತದೆ, ಸುಳ್ಳು ಹೇಳುವುದಿಲ್ಲ. ರೆಕ್ಕೆಗಳನ್ನು ಪೂರ್ತಿ ಸೂಪಿಗೇ ಬಿಟ್ಟುಕೊಟ್ಟರೆ ಆ ಕೊರತೆ ತುಂಬಿಕೊಳ್ಳುತ್ತದೆ.

ಬೇರೆ ದಾರಿಯೂ ಇದೆ. ಎದೆ, ತೊಡೆಯನ್ನು ಹಸಿಯಾಗಿಯೇ ಬೇರೆ ಮಾಡಿ ಸೀದಾ ಗ್ರಿಲ್ ಮಾಡುವುದು, ಉಳಿದ ಗೂಡಿನಿಂದ ಸೂಪ್. ಗ್ರಿಲ್ ರುಚಿ ಇದರಲ್ಲೇ ಹೆಚ್ಚು, ಆದರೆ ಸೂಪ್ ತೆಳ್ಳಗಾಗುತ್ತದೆ, ಹಸಿ ಮಾಂಸ ಒಳಗೆ ಬೇಯದೆ ಹೊರಗೆ ಸುಡುವ ಅಪಾಯವೂ ಇರುತ್ತದೆ. ಸಮಯವಿಲ್ಲದವರು ಮಾಂಸ ತೆಗೆದ ಮೇಲೆ ಮೂಳೆಯನ್ನು ಪ್ರೆಶರ್ ಕುಕ್ಕರಿಗೆ ಹಾಕಬಹುದು, ಮುಕ್ಕಾಲು ಗಂಟೆ ಸಾಕು. ಪ್ರೆಶರ್ ತಾನಾಗಿ ಇಳಿಯಲಿ. ಎತ್ತಿ ಬಿಟ್ಟರೆ ಒಳಗೆ ಒಮ್ಮೆಲೇ ಜೋರಾಗಿ ಕುದಿದು ಸೂಪ್ ಬಗ್ಗಡವಾಗುತ್ತದೆ. ಮೊಟ್ಟೆ ಇಟ್ಟು ವಯಸ್ಸಾದ ಕೋಳಿಯಾದರೆ ಈ ಲೆಕ್ಕ ಬೇರೆ, ಅದರ ಮಾಂಸಕ್ಕೇ ಎರಡು ಗಂಟೆ ಬೇಕು, ಸೂಪಿಗೆ ಅದು ಬಂಗಾರ, ಗ್ರಿಲ್ಲಿಗೆ ಬೇಡ. ಈಗಾಗಲೇ ಮೂರು ಗಂಟೆ ಬೆಂದುಹೋಗಿದ್ದರೆ ಆ ಮಾಂಸವನ್ನೂ ಗ್ರಿಲ್ ಮಾಡಲು ಹೋಗಬೇಡಿ. ಎಳೆಯಾಗಿ ಬಿಡಿಸಿ, ಎರಡು ಸೌಟು ಸೂಪ್ ಕುಡಿಸಿ, ಬಿಸಿ ಬಾಣಲೆಯಲ್ಲಿ ಎಣ್ಣೆ ಹಾಕಿ ಅಂಚು ಗರಿಯಾಗುವವರೆಗೆ ಹುರಿಯಿರಿ. ಅಥವಾ ಮೊಟ್ಟೆ, ಬೇಯಿಸಿದ ಆಲೂಗಡ್ಡೆ ಸೇರಿಸಿ ಬಿಲ್ಲೆ ತಟ್ಟಿ ಸುಡಿ.

ಗ್ರಿಲ್ಲಿಗೆ ಮಾಂಸ ಅಂಟುವುದು ಯಾಕೆ ಅಂದರೆ, ಅದು ಒದ್ದೆ. ಮೇಲ್ಮೈಯ ನೀರು ಆರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗಿ ಪರಿಮಳ ಬರಲು 140 ಡಿಗ್ರಿ ಆದರೂ ಬೇಕು. ನೀವು ಸೂಪಿನಿಂದ ತೆಗೆದ ಮಾಂಸವನ್ನು ಬಿಸಿಬಿಸಿಯಾಗಿ ಮಸಾಲೆ ಹಚ್ಚಿ ಇಡುತ್ತಿದ್ದೀರಿ ಅಂತ ಅಂದಾಜು. ಹಾಗೆ ಮಾಡಬೇಡಿ. ಪೂರ್ತಿ ಬೆಂದ ತುಂಡುಗಳನ್ನು ಬೇಗ ತಣ್ಣಗೆ ಮಾಡಿ, ಒರೆಸಿ, ತಟ್ಟೆಯಲ್ಲಿ ಮುಚ್ಚದೆ ನಾಲ್ಕೈದು ಗಂಟೆ ಫ್ರಿಜ್ಜಿನಲ್ಲಿಡಿ, ಹಸಿ ಮಾಂಸ ಯಾವುದೂ ಹತ್ತಿರ ಇರದ ಹಾಗೆ. ಎರಡು ಲಾಭ. ಚರ್ಮ ಒಣಗುತ್ತದೆ, ಒಳಗಿನ ಜೆಲಟಿನ್ ಗಟ್ಟಿಯಾಗಿ ನಾರುಗಳನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಬಿಸಿಯಲ್ಲಿ ಮುಟ್ಟಿದರೆ ಉದುರುತ್ತಿದ್ದ ತೊಡೆ ತಣ್ಣಗಾದ ಮೇಲೆ ಇಕ್ಕಳದಲ್ಲಿ ಹಿಡಿದರೂ ಕಳಚುವುದಿಲ್ಲ. ರಾತ್ರಿಯೆಲ್ಲ ಇಡುವುದಾದರೆ ಆಮೇಲೆ ಮುಚ್ಚಿ. ಬೆಂದ ಕೋಳಿ ಗಾಳಿಗೆ ತೆರೆದಿದ್ದರೆ ಮರುದಿನಕ್ಕೆ ಕೊಬ್ಬು ಕೆಟ್ಟು ಒಂಥರಾ ಹಳಸಲು ರಟ್ಟಿನ ವಾಸನೆ ಬರುತ್ತದೆ.

ಬೆಂದ ಮಾಂಸದೊಳಗೆ ಮಸಾಲೆ ಇಳಿಯುವುದಿಲ್ಲ, ಎಷ್ಟು ಹೊತ್ತು ನೆನೆಸಿದರೂ ಅಷ್ಟೇ. ಹಾಗಾಗಿ ಹೊರಗೆ ಅಂಟಿ ಕೂರುವಂಥದ್ದು ಬೇಕು. ಗಟ್ಟಿ ಮೊಸರು, ಎಣ್ಣೆ, ಬೆಳ್ಳುಳ್ಳಿ, ಖಾರದ ಪುಡಿ ತೆಳ್ಳಗೆ ಹಚ್ಚಿದರೆ ಚೆನ್ನಾಗಿ ಕೆಂಪಗಾಗುತ್ತದೆ. ನನಗೆ ಇದಕ್ಕಿಂತ ಇಷ್ಟವಾದದ್ದು ಸೂಪಿನದೇ ಲೇಪ. ಉಪ್ಪು ಹಾಕದ ಸೂಪ್ ಎರಡು ಬಟ್ಟಲು ಬೇರೆ ಪಾತ್ರೆಯಲ್ಲಿ ಬತ್ತಿಸಿ, ಮೂರು ನಾಲ್ಕು ಚಮಚ ಉಳಿದಾಗ ಅದು ಪಾಕದಂತೆ ಎಳೆಯಾಗುತ್ತದೆ. ಈಗ ಉಪ್ಪು, ಮೆಣಸು, ಸ್ವಲ್ಪ ನಿಂಬೆರಸ. ಮೊದಲೇ ಉಪ್ಪು ಹಾಕಿದ್ದ ಸೂಪಾದರೆ ಬತ್ತುವಷ್ಟರಲ್ಲಿ ಬಾಯಿಗಿಡಲಾಗದಷ್ಟು ಉಪ್ಪಾಗಿರುತ್ತದೆ. ಸೂಪಿಗೆ ಹೋದ ರುಚಿಯನ್ನು ಹೀಗೆ ಮಾಂಸಕ್ಕೆ ವಾಪಸ್ ಕೊಡಬಹುದು. ಅತ್ತೆಗೆ ಇದನ್ನು ತಿನ್ನಿಸಿ ನೋಡಿ.

ಕಂಬಿ ಉಜ್ಜಿ ಸ್ವಚ್ಛ ಮಾಡಿ ಚೆನ್ನಾಗಿ ಕಾಯಿಸಿ, ಮಾಂಸಕ್ಕೆ ಎಣ್ಣೆ ಸವರಿ. ಕೆಂಡವನ್ನು ಒಂದು ಪಕ್ಕಕ್ಕೆ ದೂಡಿ, ಮೊದಲು ಕೆಂಡವಿಲ್ಲದ ಕಡೆ ಮುಚ್ಚಿ ಹತ್ತು ನಿಮಿಷ ಇಡಿ, ಫ್ರಿಜ್ಜಿನಿಂದ ಬಂದ ತುಂಡಿನ ಒಳಗೂ ಮತ್ತೆ 74 ಡಿಗ್ರಿ ಬರಬೇಕು. ಆಮೇಲೆ ಕೆಂಡದ ಮೇಲೆ ತಂದು ಎರಡೆರಡು ನಿಮಿಷ. ಇಟ್ಟ ತಕ್ಷಣ ಎತ್ತಲು ಹೋಗಬೇಡಿ, ಪದರ ಕಟ್ಟಿದ ಮೇಲೆ ತಾನಾಗಿ ಬಿಡುತ್ತದೆ. ಲೇಪ ಕೊನೆಯ ಎರಡು ನಿಮಿಷದಲ್ಲಿ ಸವರಿ, ಬೇಗ ಸವರಿದರೆ ಸುಡುತ್ತದೆ. ಗ್ಯಾಸ್ ಗ್ರಿಲ್ ಆದರೂ ಇದೇ ಕ್ರಮ, ಒಂದು ಕಡೆ ಉರಿ ಆರಿಸಿಕೊಳ್ಳಿ. ಕೊಬ್ಬು ಬೆಂಕಿಗೆ ಬಿದ್ದು ಏಳುವ ಹೊಗೆಯಲ್ಲಿ, ಕರಕಲಾದ ಮಾಂಸದಲ್ಲಿ ದೇಹಕ್ಕೆ ಒಳ್ಳೆಯದಲ್ಲದ ರಾಸಾಯನಿಕಗಳು ಹುಟ್ಟುತ್ತವೆ. ಮೊದಲೇ ಬೆಂದ ಮಾಂಸ ಬೆಂಕಿ ಮೇಲೆ ಕಡಿಮೆ ಹೊತ್ತು ಇರುವುದರಿಂದ ಆ ತೊಂದರೆ ಕಡಿಮೆ, ಕಪ್ಪಾದ ಅಂಚನ್ನು ಮಾತ್ರ ಕತ್ತರಿಸಿ ತೆಗೆಯಿರಿ.

ಅರ್ಧ ಬೇಯಿಸಿ ಮರುದಿನಕ್ಕೆ ಇಟ್ಟಿರಲ್ಲ, ಅದನ್ನು ಇನ್ನು ಯಾವತ್ತೂ ಮಾಡಬೇಡಿ. ಅರ್ಧ ಬೆಂದ ಮಾಂಸದಲ್ಲಿ ಬ್ಯಾಕ್ಟೀರಿಯಾ ಸತ್ತಿರುವುದಿಲ್ಲ, ಅದಕ್ಕೆ ಬೆಚ್ಚಗೆ ಮಾಡಿಕೊಟ್ಟಂತಾಗಿರುತ್ತದೆ. ಅರ್ಧ ಬೇಯಿಸಲೇಬೇಕು ಅಂದರೆ ಪಾತ್ರೆಯಿಂದ ತೆಗೆದವರು ನಿಲ್ಲಿಸದೆ ಗ್ರಿಲ್ಲಿಗೆ ಹಾಕಿ ಪೂರ್ತಿ ಬೇಯಿಸಿಬಿಡಬೇಕು. ನೀವು ಎಸೆದದ್ದು ಸರಿಯಾಯಿತು, ಆದರೆ ಕಾರಣ ಆ ಕೆಂಪಲ್ಲ. ಫಾರಂ ಕೋಳಿಯನ್ನು ಕೆಲವೇ ವಾರಗಳ ವಯಸ್ಸಿಗೆ ಕಡಿಯುತ್ತಾರೆ, ಮೂಳೆ ಇನ್ನೂ ಬಲಿತಿರುವುದಿಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತದೆ. ಪೂರ್ತಿ ಬೆಂದರೂ ಕೆಂಪು ಕಾಣಬಹುದು. ಹೊಗೆಯಿಂದಲೂ ಮಾಂಸ ನಸುಗೆಂಪಾಗುತ್ತದೆ. ಉಲ್ಟಾ ಬಿಳಿಯಾಗಿದ್ದೂ ಬೇಯದಿರಬಹುದು. ಬಣ್ಣ ನಂಬಬೇಡಿ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ, ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. ಬಾತುಕೋಳಿ, ಟರ್ಕಿಗೂ 74 ಡಿಗ್ರಿಯೇ.

ನಾಯಿಗೆ ಮೂಳೆ ಬೇಡ. ಬೆಂದ ಕೋಳಿ ಮೂಳೆ ಸೀಳಿ ಚೂಪಾಗುತ್ತದೆ, ಗಂಟಲಿಗೆ, ಕರುಳಿಗೆ ಚುಚ್ಚಿಕೊಳ್ಳಬಹುದು. ಸೂಪಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದರೆ ಅದೂ ನಾಯಿಗೆ ವಿಷ, ಆ ಸೂಪ್ ಅನ್ನಕ್ಕೆ ಕಲಸಿ ಹಾಕುವುದೂ ಬೇಡ. ಎದೆ ತುಂಡು ತೆಗೆದ ಮೇಲೆಯೇ ಈರುಳ್ಳಿ, ಬೆಳ್ಳುಳ್ಳಿ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಆಗ ಮಸಾಲೆ ಹಚ್ಚುವ ಮುಂಚೆ ಎರಡು ಚೂರು ಎತ್ತಿಟ್ಟು ಅದಕ್ಕೂ ಹಾಕಬಹುದು.